ಅಸಿಂಟ್‌ನ ಆ ಹಿರಿಯರಿಗೆ ನಮಸ್ಕಾರ

ಸ್ಕಾಟ್ಲೆಂಡಿನ ಅಸಿಂಟ್ ಪ್ಯಾರಿಷ್‌ನಲ್ಲಿ ಸ್ಥಳನಾಮಗಳನ್ನು ದಾಖಲಿಸುವಾಗ ನಮ್ಮೊಡನೆ ಗುಡ್ಡ ಹತ್ತಿದ ಹಿರಿಯರೇ, ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. 1870ರ ದಶಕದಲ್ಲಿ ಬ್ರಿಟನ್ನಿನ ನಕ್ಷೆ ತಯಾರಿಕಾ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೆಯವರು ಈ ಸೀಮೆಯ ಹೆಸರುಗಳನ್ನು ಪುಸ್ತಕಕ್ಕಿಳಿಸಿದ್ದರು. ಸೂಲ್ವೆನ್, ಕ್ಯಾನಿಸ್ಪ್ ಬೆಟ್ಟಗಳೇನೋ ಎಲ್ಲ ನಕ್ಷೆಗಳಲ್ಲೂ ಸಿಗುತ್ತವೆ. ಬೇಸಿಗೆಯಲ್ಲಿ ದನ ಮೇಯಿಸುತ್ತಿದ್ದವರು ತಂಗುತ್ತಿದ್ದ ಗುಡಿಸಲಿನ ಜಾಗ ತೋರಿಸಲು ನೀವೇ ಬೇಕಾಯಿತು. ಜರೀಗಿಡ ಸರಿಸಿ, ಪಾಚಿಗಟ್ಟಿದ ಕಲ್ಲಿನ ಸಾಲನ್ನು ಊರುಗೋಲಿನಿಂದ ತಟ್ಟಿ ತೋರಿಸಿದಿರಿ. ಸುತ್ತಲಿನ ನೆಲವೆಲ್ಲ ಕಂದು, ಅದೊಂದೇ ಹಸಿರು. ಹಿಂದಿನ ದನಗಳ ಸಗಣಿಯ ಕೃಪೆ ಎಂದಿರಿ. ಆ ಜಾಗಕ್ಕೆ ನಿಮ್ಮ ಸೀಮೆಯ ಹಳೆಯ ಭಾಷೆಯಾದ ಗೇಲಿಕ್‌ನಲ್ಲಿರುವ ಹೆಸರನ್ನು ನಾನು ಸರಿಯಾಗಿ ಬರೆದುಕೊಳ್ಳುವವರೆಗೂ ಬೇಸರಿಸದೆ ಹೇಳಿಕೊಟ್ಟಿರಿ. ಆ ನುಸಿಗಳ ಕಾಟದಲ್ಲಿ ಅಷ್ಟು ತಾಳ್ಮೆ ನಮ್ಮಲ್ಲಿ ಯಾರಿಗೂ ಇರಲಿಲ್ಲ! ತುಂಬು ಹೃದಯದ ಧನ್ಯವಾದಗಳು. ಧ್ವನಿಮುದ್ರಣದ ಪ್ರತಿಯನ್ನು ಖಂಡಿತ ತಲುಪಿಸುತ್ತೇವೆ.