ಸೀಡ್ ಚಿಕಿತ್ಸೆ: ತಟ್ಟೆ ಬೇರೆ ಇಡಬೇಕಿಲ್ಲ

ಸಂಪಾದಕರೇ,

ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ) ಕ್ಯಾನ್ಸರ್‌ಗೆ ವಿಕಿರಣ ಸೀಡ್, ಅಂದರೆ ಗ್ರಂಥಿಯೊಳಗೇ ಇಡುವ ವಿಕಿರಣ ಸೂಸುವ ಸಣ್ಣ ಕಾಳು, ಹಾಕಿಸಿಕೊಂಡು ಊರಿಗೆ ಬಂದವರ ತಟ್ಟೆ-ಲೋಟ ಬೇರೆ ಮಾಡಬೇಕಿಲ್ಲ. ಥೈರಾಯ್ಡ್‌ಗೆ ಕೊಡುವ ವಿಕಿರಣ ಔಷಧ ಅಯೋಡಿನ್-131 ಮೂತ್ರ, ಬೆವರಿನಲ್ಲಿ ಹೊರಬರುತ್ತದೆ. ಆ ರೋಗಿಗಳಿಗೆ ಹೇಳುವ ಎಚ್ಚರಿಕೆಯನ್ನು ಸೀಡಿಗೂ ಹಚ್ಚುವುದರಿಂದಲೇ ಗೊಂದಲ. ಸೀಡಿನ ಅಯೋಡಿನ್-125 ಸುಮಾರು 4.5 ಮಿ.ಮೀ. ಉದ್ದ, 0.8 ಮಿ.ಮೀ. ದಪ್ಪದ ಟೈಟಾನಿಯಂ ಕೊಳವೆಯೊಳಗೆ ಭದ್ರವಾಗಿರುತ್ತದೆ. ಅದರ ಅರ್ಧಾಯು (ವಿಕಿರಣ ಅರ್ಧಕ್ಕೆ ಇಳಿಯುವ ಅವಧಿ) 59.4 ದಿನ; ಹತ್ತು ತಿಂಗಳಿಗೆ ಉಳಿಯುವುದು ಶೇ 3ರಷ್ಟು. ಸೀಡಿನಲ್ಲಿರುವುದು ಪಲ್ಲಾಡಿಯಂ-103 ಆದರೆ ಅರ್ಧಾಯು 17 ದಿನ ಮಾತ್ರ. ಹಾಕಿದ್ದು ಯಾವುದೆಂದು ಆಸ್ಪತ್ರೆಯಿಂದ ಬರೆಸಿಕೊಳ್ಳಿ.

ಮೊದಲ ಎರಡು ತಿಂಗಳು ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಾರದು, ಗರ್ಭಿಣಿಯರು ಮೈಗೆ ತಾಗಿ ಹೆಚ್ಚು ಹೊತ್ತು ಕೂರಬಾರದು. ಒಂದೇ ಜಗಲಿಯಲ್ಲಿ ಕೂತು ಮಾತಾಡಲು ಅಡ್ಡಿಯಿಲ್ಲ.

ಅಪರೂಪಕ್ಕೆ ಸೀಡ್ ಮೂತ್ರದಲ್ಲಿ ಜಾರಿ ಬರುತ್ತದೆ. ಆಸ್ಪತ್ರೆ ಹೇಳಿದಷ್ಟು ದಿನ ಮೂತ್ರ ಸೋಸಿ. ಸಿಕ್ಕರೆ ಕೈಯಲ್ಲಿ ಮುಟ್ಟದೆ ಚಮಚ ಅಥವಾ ಚಿಮಟದಿಂದ ಎತ್ತಿ, ಮುಚ್ಚಳದ ಡಬ್ಬಿಗೆ ಹಾಕಿ, ಜನ ಓಡಾಡದ ಕಡೆ ಇಟ್ಟು ಆಸ್ಪತ್ರೆಗೆ ಫೋನ್ ಮಾಡಿ. ಗೊಬ್ಬರಗುಂಡಿಗೆ ಎಸೆಯಬೇಡಿ.

ಯಾರೂ ಕೇಳಲು ಇಷ್ಟಪಡದ ಮಾತೊಂದಿದೆ. ಅಯೋಡಿನ್ ಸೀಡ್ ಹಾಕಿದ ವರ್ಷದೊಳಗೆ ರೋಗಿ ತೀರಿಕೊಂಡರೆ, ದಹನಕ್ಕೆ ಮುಂಚೆ ಆಸ್ಪತ್ರೆಯವರನ್ನು ಕೇಳಲೇಬೇಕು. ಚಿತೆಯ ಬೆಂಕಿಗೆ ಕೊಳವೆ ಒಡೆಯಬಹುದು. ತುಂಗಾ-ಭದ್ರಾ ಸಂಗಮವಾದ ಕೂಡಲಿಯಲ್ಲಿ ಬಿಡಲು ಆಯುವ ಬೂದಿಯಲ್ಲೂ ಸೀಡ್ ಉಳಿದಿರಬಹುದು.

– ವಿಕಿರಣ ಚಿಕಿತ್ಸಾ ತಂತ್ರಜ್ಞರು, ಶಿವಮೊಗ್ಗ