ಇಸ್ರೇಲಿನ ಕ್ಫಾರ್ ಸಾಬಾದಲ್ಲಿರುವ ವಿಲ್ಲಿಗೆ

ಮಾರಾಯಾ ವಿಲ್ಲಿ,

ಅಜ್ಜಿ ಹೇಗಿದ್ದಾರೆ? ನೀನು ನೋಡಿಕೊಳ್ಳುವ ಅಜ್ಜಿಯನ್ನು ಕೇಳಿದ್ದು. ಶಿರ್ವದ ಅಜ್ಜಿ ಗಟ್ಟಿಯಾಗಿದ್ದಾರೆ, ಮೊನ್ನೆ ಭಾನುವಾರ ನನಗೆ ಚೆನ್ನಾಗಿ ಬೈದರು. ಮತ್ತೆಂತ, ಅದೇ ಮೂರನೇ ಲೋಟದ ವಿಷಯ. ನಮ್ಮ ಬ್ಯಾಚಿನ ಅರ್ಧ ಜನ ನಿನ್ನ ಸುದ್ದಿಯನ್ನು ನನ್ನ ಹತ್ತಿರವೇ ಕೇಳುವುದರಿಂದ ಈ ಪತ್ರವನ್ನು ಎಲ್ಲರಿಗೂ ಕಾಣುವಂತೆ ಹಾಕಿದ್ದೇನೆ. ಅವರೂ ಓದಲಿ.

2025ರ ಅಕ್ಟೋಬರ್ 13ರ ಸೋಮವಾರ ನಾನು ಟಿವಿ ಮುಂದಿನಿಂದ ಎದ್ದೇ ಇಲ್ಲ. ಹಮಾಸ್ ಗಾಜಾದಲ್ಲಿ ಹಿಡಿದಿಟ್ಟವರಲ್ಲಿ ಬದುಕಿ ಉಳಿದಿದ್ದ 20 ಒತ್ತೆಯಾಳುಗಳು ಬಂದರು. ಟೆಲ್ ಅವೀವಿನ ಚೌಕದಲ್ಲಿ ಎರಡು ವರ್ಷ ಫೋಟೊ ಹಿಡಿದು ನಿಂತವರು ಗುರುತಿಲ್ಲದವರನ್ನೂ ತಬ್ಬಿಕೊಂಡು ಅತ್ತರು. ಅದೇ ದಿನ ಪ್ಯಾಲೆಸ್ಟೀನಿಯರ ಪಶ್ಚಿಮ ದಂಡೆಯ ರಮಲ್ಲಾಗೂ ಗಾಜಾದ ಖಾನ್ ಯೂನಿಸಿನ ನಾಸೆರ್ ಆಸ್ಪತ್ರೆಗೂ ಬಸ್ಸುಗಳು ಬಂದವು. ಇಸ್ರೇಲಿನಲ್ಲಿ ದೀರ್ಘ ಶಿಕ್ಷೆಯಲ್ಲಿದ್ದ ಸುಮಾರು 250 ಪ್ಯಾಲೆಸ್ಟೀನ್ ಕೈದಿಗಳು, ಆರೋಪಪಟ್ಟಿಯೂ ಇಲ್ಲದೆ ಹಿಡಿದಿಟ್ಟಿದ್ದ ಗಾಜಾದ 1,700ಕ್ಕೂ ಹೆಚ್ಚು ಜನ. ಬಸ್ಸಿನ ಕಿಟಕಿಗೆ ಜೋತುಬಿದ್ದು ಮಗನ ಮುಖ ಹುಡುಕುವ ಅಮ್ಮಂದಿರು. 150ಕ್ಕೂ ಹೆಚ್ಚು ಕೈದಿಗಳನ್ನು ಊರಿಗೆ ಬಿಡದೆ ಈಜಿಪ್ಟಿಗೆ ಕಳಿಸಿದ್ದರು. ಅವರ ಮನೆಯವರು ನಿಂತಲ್ಲೇ ಕುಸಿದರು.

ಆ ದಿನವೇ ಮರಳಿದ ನಾಲ್ಕು ಶವಗಳಲ್ಲಿ ಒಂದು ನೇಪಾಳದ ಕೃಷಿ ವಿದ್ಯಾರ್ಥಿಯದು. ಓದು, ಕೆಲಸ ಎರಡೂ ಆಗುತ್ತದೆ ಎಂದು ಹೋಗಿದ್ದ ಹುಡುಗ. ಮಗನನ್ನು ಬಿಡಿಸಿ ಎಂದು ಕೇಳಲು ಅವನ ತಾಯಿ ನೇಪಾಳದಿಂದ ಇಸ್ರೇಲಿಗೆ ಬಂದಿದ್ದರು. ಆ ಸುದ್ದಿ ಬಂದಾಗ ನಿನ್ನ ಅಮ್ಮ ಟಿವಿ ಆಫ್ ಮಾಡಿಸಿದರಂತೆ.

ಎರಡೂ ಕಡೆಯ ಸಂತೋಷ ನಿಜವಾದದ್ದು, ವಿಲ್ಲಿ. ಅದರಲ್ಲಿ ಹುಳುಕು ಹುಡುಕುವ ಮನಸ್ಸು ನನಗಿಲ್ಲ. ಆದರೂ ಒಂದು ವಿಷಯ ಚುಚ್ಚುತ್ತಲೇ ಇತ್ತು, ಏನೆಂದು ಹೊಳೆದದ್ದು 1993ರ ಚಿತ್ರಗಳನ್ನು ತೆಗೆದು ನೋಡಿದಾಗ. ಆ ವರ್ಷ ಸೆಪ್ಟೆಂಬರ್ 13ರಂದು ಶ್ವೇತಭವನದ ಹುಲ್ಲುಹಾಸಿನ ಮೇಲೆ ಇಸ್ರೇಲ್ ಪ್ರಧಾನಿ ರಾಬಿನ್ ಮತ್ತು ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆಯ (ಪಿಎಲ್‌ಒ) ನಾಯಕ ಅರಾಫತ್ ಓಸ್ಲೋ ಶಾಂತಿ ಒಪ್ಪಂದಕ್ಕೆ ಕೈಕುಲುಕಿದರು. ರಕ್ತ, ಕಣ್ಣೀರು ಸಾಕು ಎಂದರು ರಾಬಿನ್. ಅಲ್ಲಿಯವರೆಗೆ ಪ್ಯಾಲೆಸ್ಟೀನ್ ಬಾವುಟ ಹಾರಿಸಿದರೆ ಜೈಲು. ಆ ದಿನ ಗಾಜಾದಲ್ಲೂ ಜೆರಿಕೋದಲ್ಲೂ ಅದು ಬೀದಿತುಂಬ ಹಾರಿತು. ನಿನ್ನೆಯವರೆಗೆ ಸೈನಿಕರಿಗೆ ಕಲ್ಲು ಬೀರಿದ್ದ ಹುಡುಗರಲ್ಲಿ ಕೆಲವರು ಅದೇ ಸೈನಿಕರಿಗೆ ಆಲಿವ್ ರೆಂಬೆ ಕೊಟ್ಟರು. ಆವತ್ತಿನ ಸಂತೋಷದೊಳಗೆ ಎದುರಿನವನಿಗೂ ಜಾಗವಿತ್ತು. 2025ರ ಅಕ್ಟೋಬರಿನಲ್ಲಿ ಎಲ್ಲರೂ ತಮ್ಮವರನ್ನು ಎಣಿಸಿಕೊಂಡರು, ಸಿಕ್ಕವರನ್ನು ಅಪ್ಪಿಕೊಂಡು ಒಳಗೆ ಹೋದರು. 2023ರ ಅಕ್ಟೋಬರ್ 7ರಂದು ಇಸ್ರೇಲಿನಲ್ಲಿ ಒಂದೇ ದಿನ ಹಮಾಸ್ ದಾಳಿಯಲ್ಲಿ ಸುಮಾರು 1,200 ಜನರ ಕೊಲೆ, ಅದರ ನಂತರ ಗಾಜಾದಲ್ಲಿ 67 ಸಾವಿರಕ್ಕೂ ಹೆಚ್ಚು ಸಾವು. ಇಷ್ಟಾದ ಮೇಲೆ ಆಲಿವ್ ರೆಂಬೆ ಹಿಡಿದು ಬನ್ನಿ ಎಂದು ಅವರಿಗೆ ಹೇಳಲು ನಾನು ಯಾರು?

1993ರಲ್ಲಿ ಕುಣಿಯದೇ ಉಳಿದವರೂ ಇದ್ದರು. ಪ್ಯಾಲೆಸ್ಟೀನಿನ ಕವಿ ಮಹಮೂದ್ ದರ್ವಿಶ್ ಪಿಎಲ್‌ಒ ಕಾರ್ಯಕಾರಿ ಸಮಿತಿಗೆ ರಾಜೀನಾಮೆ ಕೊಟ್ಟರು. ಪ್ಯಾಲೆಸ್ಟೀನ್ ಮೂಲದ ಚಿಂತಕ ಎಡ್ವರ್ಡ್ ಸೈದ್ ಈ ಒಪ್ಪಂದವನ್ನು ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯ ವರ್ಸೇಲ್ಸ್ ಶರಣಾಗತಿಗೆ ಹೋಲಿಸಿದರು. ಇಸ್ರೇಲ್ ಸಂಸತ್ತು ಕ್ನೆಸೆಟ್‌ನಲ್ಲಿ ಒಪ್ಪಂದದ ಪರ 61 ಮತ, ವಿರುದ್ಧ 50. ಜೆರುಸಲೇಮ್, ನಿರಾಶ್ರಿತರು, ಪ್ಯಾಲೆಸ್ಟೀನ್ ನೆಲದಲ್ಲಿ ಇಸ್ರೇಲಿಗಳು ಕಟ್ಟಿಕೊಂಡ ವಸಾಹತುಗಳು, ಗಡಿ, ಎಲ್ಲವನ್ನೂ ಆಮೇಲೆ ಮಾತಾಡೋಣ ಎಂದು ಬದಿಗಿಟ್ಟ ಕಾಗದ ಅದು. ದರ್ವಿಶ್, ಸೈದ್ ಇಬ್ಬರ ಅನುಮಾನ ಸರಿಯಾಗಿಯೇ ಇತ್ತು ಎಂದು ನನಗನಿಸುತ್ತದೆ. ಆಗ ಪಶ್ಚಿಮ ದಂಡೆಯಲ್ಲಿ ಸುಮಾರು 1 ಲಕ್ಷ 10 ಸಾವಿರ ಇದ್ದ ವಸಾಹತಿಗರು 2000ದ ಹೊತ್ತಿಗೆ ಹತ್ತಿರಹತ್ತಿರ ಎರಡು ಪಟ್ಟಾಗಿದ್ದರು.

ಆದರೆ ಅನುಮಾನಪಟ್ಟವರು ಯಾರನ್ನೂ ಕೊಲ್ಲಲಿಲ್ಲ. ಕೊಂದವರಿಗೆ ಜನರ ಆ ಸಂತೋಷವೇ ಸಹಿಸಲಿಲ್ಲ. 1994ರ ಫೆಬ್ರವರಿಯಲ್ಲಿ ಪಶ್ಚಿಮ ದಂಡೆಯ ಹೆಬ್ರೋನಿನ ಮಸೀದಿಯಲ್ಲಿ ನಮಾಜಿಗೆ ಬಾಗಿದ್ದ 29 ಜನರನ್ನು ಒಬ್ಬ ವಸಾಹತಿಗ ಗುಂಡಿಟ್ಟು ಕೊಂದ. ಏಪ್ರಿಲ್‌ನಲ್ಲಿ ಇಸ್ರೇಲಿನ ಅಫುಲಾ, ಹದೇರಾಗಳಲ್ಲಿ ಹಮಾಸ್ ಬಾಂಬು. 1995ರ ನವೆಂಬರ್ 4ರ ರಾತ್ರಿ ಟೆಲ್ ಅವೀವಿನ ಶಾಂತಿ ಸಭೆಯಲ್ಲಿ ಲಕ್ಷ ಜನರ ಜೊತೆ ಹಾಡಿ ಇಳಿದ ರಾಬಿನ್‌ರನ್ನು ಗುಂಡಿಟ್ಟು ಕೊಂದವನು ಇಸ್ರೇಲಿ ಯಹೂದಿಯೇ. ನಿನ್ನ ಅಜ್ಜಿ ಆ ಸಭೆಯಲ್ಲಿದ್ದರು ಎಂದಿದ್ದೆಯಲ್ಲ, ಆಮೇಲೆ ಅವರು ಯಾವ ಸಭೆಗೂ ಹೋಗಲಿಲ್ಲ ಎಂದೂ.

ಈಗ ಹೇಳಲೇಬೇಕಾದ ಮಾತು. 2024ರ ಮಾರ್ಚಿನಲ್ಲಿ ಲೆಬನಾನ್ ಗಡಿಯ ತೋಟದಲ್ಲಿ ಕ್ಷಿಪಣಿ ಬಿದ್ದು ಒಬ್ಬ ಭಾರತೀಯ ಸತ್ತ ಎಂದು ಸುದ್ದಿ ಬಂತು. ನಿನ್ನ ಫೋನ್ ಸಿಗಲಿಲ್ಲ. ಸತ್ತವನು ಕೇರಳದವನು ಎಂದು ತಿಳಿದಾಗ ನನ್ನ ಎದೆ ಹಗುರಾಯಿತು. ಕೇರಳದವನು ಅಷ್ಟೇ ಎಂದು ನಿನ್ನ ಅಮ್ಮನಿಗೆ ಹೇಳಿದೆ. ‘ಅಷ್ಟೇ’ ಎಂದೇ ಹೇಳಿದ್ದು. 2025ರ ಜೂನಿನಲ್ಲಿ ಇರಾನಿನ ಕ್ಷಿಪಣಿ ಟೆಲ್ ಅವೀವ್ ಪಕ್ಕದ ಬಾತ್ ಯಾಮಿನ ಮನೆಗಳ ಮೇಲೆ ಬಿದ್ದ ರಾತ್ರಿ ನಕಾಶೆ ತೆರೆದು ಅಲ್ಲಿಂದ ನಿನ್ನ ಮನೆಗೆಷ್ಟು ದೂರ ಎಂದಷ್ಟೇ ಅಳೆದೆ. ಕ್ಫಾರ್ ಸಾಬಾದ ಪಕ್ಕದಲ್ಲೇ, ಇಸ್ರೇಲ್ ಕಟ್ಟಿದ ಗೋಡೆಯ ಆಚೆ, ಕಲ್ಕಿಲಿಯಾ ಎಂಬ ಪ್ಯಾಲೆಸ್ಟೀನಿಯರ ಊರಿದೆ. ನಕಾಶೆಯಲ್ಲಿ ಎಷ್ಟು ಸಲ ಅದರ ಮೇಲೆ ಬೆರಳು ಹಾದುಹೋಗಿದೆಯೋ. ಅಲ್ಲಿ ಯಾರಿದ್ದಾರೆ, ಹೇಗಿದ್ದಾರೆ ಎಂದು ನಿನ್ನನ್ನು ಒಮ್ಮೆಯೂ ಕೇಳಿಲ್ಲ. ಭಯ ಹೃದಯವನ್ನು ಇಷ್ಟು ಸಣ್ಣದು ಮಾಡಿಬಿಡುತ್ತದಾ ಎಂದು ನನಗೆ ಹೆದರಿಕೆಯಾಗುತ್ತದೆ. ಒಂದೇ ಒಂದು ಮನೆಯವರನ್ನೂ ಕಳೆದುಕೊಳ್ಳದ ನನಗೇ ಹೀಗಾದರೆ, ಅಲ್ಲಿನವರಿಗೆ ಹೇಗಾಗಿರಬೇಡ?

ಇಷ್ಟು ಬರೆಯುತ್ತೇನೆ ಎಂದುಕೊಂಡಿರಲಿಲ್ಲ. ಸಾಕು ಬಿಡು. ಈ ಸಲ ಕ್ರಿಸ್ಮಸ್ ತಿಂಡಿ ಕುಸ್ವಾರಿನ ಡಬ್ಬ ಕಳಿಸಬೇಕೋ, ನೀನೇ ಬರುತ್ತೀಯೋ? ಅಮ್ಮ ಈಗಲೇ ತೆಂಗಿನಕಾಯಿ ಲೆಕ್ಕ ಹಾಕುತ್ತಿದ್ದಾರೆ. ಕೇರಂ ಬೋರ್ಡಿಗೆ ಹೊಸ ಪೌಡರ್ ಬಂದಿದೆ, ಬಿಳಿ ಕಾಯಿನ್ ಮಾತ್ರ ಇನ್ನೂ ಸಿಕ್ಕಿಲ್ಲ, ಯಾರ ಕಿಸೆಯಲ್ಲಿದೆ ಎಂದು ನಿನಗೇ ಗೊತ್ತು.

ಒಂದು ಕೆಲಸ ಮಾಡು ಮಾರಾಯಾ. ಗೋಡೆ ಕಟ್ಟುವ ಮೊದಲು ಕ್ಫಾರ್ ಸಾಬಾದವರು ಶನಿವಾರ ಕಲ್ಕಿಲಿಯಾ ಪೇಟೆಗೆ ತರಕಾರಿ ತರಲು, ಕಾರು ರಿಪೇರಿಗೆ ಹೋಗುತ್ತಿದ್ದರಂತೆ. ನಿನ್ನ ಅಜ್ಜಿ ಯಾವ ಅಂಗಡಿಗೆ ಹೋಗುತ್ತಿದ್ದರು, ಅಂಗಡಿಯವನ ಹೆಸರೇನು, ನೆನಪಿದೆಯಾ ಕೇಳು. ಅವರು ಚಾ ಕುಡಿಯುವ ಹೊತ್ತಿಗೆ ನಿಧಾನವಾಗಿ ಕೇಳು. ಹೇಳಿದ್ದನ್ನು ಹಾಗೆಯೇ ಬರೆದು ಕಳಿಸು.

ನಿನ್ನ,
ಮೋಹನ