ಲೈನ್ ಮನೆ ಖಾಲಿ ಮಾಡಿಸುವ ಮೊದಲು

ಮಡಿಕೇರಿ

ಚಿರಂಜೀವಿ ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಅಮ್ಮ ಫೋನ್ ಮಾಡಿದ್ದಳು. ನಿಮ್ಮ ತೋಟದಲ್ಲಿ ಮರ ಹತ್ತಿ ಕೊಂಬೆ ಕಡಿದು ಮರಗಸಿ ಮಾಡುವ ಆ ಹುಡುಗ ಈಗ ಬೆಳಗ್ಗೆ ಎದ್ದ ಕೂಡಲೇ ಕುಡಿಯುತ್ತಾನಂತೆ. ಕೆಲಸಕ್ಕೆ ಸರಿಯಾಗಿ ಬರುವುದಿಲ್ಲವಂತೆ. ರಾತ್ರಿ ಯಾರೋ ಹೆಸರು ಹಿಡಿದು ಕರೆಯುತ್ತಾರೆ ಅಂತ ಮಳೆಯಲ್ಲೇ ಹೊರಗೆ ಓಡುತ್ತಾನಂತೆ. ತಿಂಗಳ ಕೊನೆಗೆ ತೋಟದಿಂದ ಅವನಿಗೆ ಕೊಟ್ಟ ಲೈನ್ ಮನೆ ಖಾಲಿ ಮಾಡಿಸುತ್ತೇನೆ ಅಂತ ನೀನು ಹೇಳಿದೆಯಂತೆ. "ನಾನೇನು ಧರ್ಮಛತ್ರ ನಡೆಸ್ತಿದೀನಾ" ಅಂತಲೂ ಕೇಳಿದೆಯಂತೆ.

ತೋಟ ನಿನ್ನದು, ಲೆಕ್ಕವೂ ನಿನ್ನದು. ಕಾಫಿ ತೋಟದ ಕಷ್ಟ ನನಗೂ ಗೊತ್ತು. ಆದರೆ ಇಡೀ ಸರ್ವಿಸ್ ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ಕಳೆದವಳು ನಾನು. ಇಂಥವರನ್ನು ಎತ್ತಿಕೊಂಡು ಬಂದಾಗ ಮೊದಲು ನೋಡುತ್ತಿದ್ದವರು ನಾವೇ. ಆ ಸಲುಗೆಯಿಂದ ಹೇಳುತ್ತೇನೆ, ಮನೆ ಬಿಡಿಸಬೇಡ. ಕುಡಿತ ಬಿಟ್ಟರೆ ಮಾತ್ರ ಮನೆ ಅನ್ನುವ ಷರತ್ತೂ ಬೇಡ.

ನಮ್ಮ ಜಿಲ್ಲೆಯಲ್ಲಿ ಕೂಲಿಯವನಿಗೆ ಕೆಲಸ ಹೋದರೆ ಮನೆಯೂ ಹೋಗುತ್ತದೆ. ಎರಡೂ ಒಂದೇ ಬೀಗದಲ್ಲಿವೆ. ಪೇಟೆಯವನು ಕೆಲಸ ಕಳೆದುಕೊಂಡರೆ ಬಾಡಿಗೆ ಮನೆಯಲ್ಲಿ ಒಂದೆರಡು ತಿಂಗಳಾದರೂ ಹೇಗೋ ತಳ್ಳುತ್ತಾನೆ. ಇವನು ಅದೇ ದಿನ ಸಾಮಾನು ಕಟ್ಟಿಕೊಂಡು ರಸ್ತೆಗೆ ಬರಬೇಕು. ಆಮೇಲೆ ಏನಾಗುತ್ತದೆ ಅಂತ ನೋಡಬೇಕಿದ್ದರೆ ಕುಶಾಲನಗರದ್ದೋ ಗೋಣಿಕೊಪ್ಪದ್ದೋ ಬಸ್ ಸ್ಟ್ಯಾಂಡಿಗೆ ರಾತ್ರಿ ಹೋಗಿ ನೋಡು. ಚಳಿಗೆ, ಹೆದರಿಕೆಗೆ, ನಿದ್ದೆಗೆ, ಎಲ್ಲದಕ್ಕೂ ಅಲ್ಲಿ ಅದೇ ಒಂದು ಮದ್ಯದ ಪ್ಯಾಕೆಟ್. ಡಾಕ್ಟರು ಕೊಟ್ಟ ಮಾತ್ರೆ ಇಟ್ಟುಕೊಳ್ಳಲು ಜಾಗ ಇರುವುದಿಲ್ಲ. ಚೀಲ ಕಳುವಾದರೆ ಆಧಾರ್, ರೇಷನ್ ಕಾರ್ಡು ಎಲ್ಲಾ ಹೋಯಿತು. ಮುಂದಿನ ತಿಂಗಳು ಬಾ ಅಂತ ಡಾಕ್ಟರು ಹೇಳಿದರೆ ನೆನಪು ಮಾಡುವವರು ಯಾರು? ಮನೆ ಕಳೆದುಕೊಂಡವನ ಕುಡಿತ ಜಾಸ್ತಿ ಆಗುತ್ತದೆಯೇ ಹೊರತು ಕಮ್ಮಿ ಆಗುವುದಿಲ್ಲ.

ಇದನ್ನು ನಾನೊಬ್ಬಳೇ ಹೇಳುತ್ತಿಲ್ಲ. 1992ರಲ್ಲಿ ನ್ಯೂಯಾರ್ಕಿನಲ್ಲಿ ಸ್ಯಾಮ್ ಸೆಂಬರಿಸ್ ಅನ್ನುವ ಮನಶ್ಶಾಸ್ತ್ರಜ್ಞರು ಕ್ರಮವನ್ನೇ ತಿರುಗಿಸಿದರು. ಬೀದಿಯಲ್ಲಿದ್ದ ಮಾನಸಿಕ ರೋಗಿಗಳಿಗೆ ಮೊದಲು ಮನೆ ಕೊಟ್ಟರು. ಕುಡಿತ, ಡ್ರಗ್ಸ್, ಚಿಕಿತ್ಸೆಯ ಮಾತು ಆಮೇಲೆ. ಫಿನ್ಲೆಂಡ್ ಸರ್ಕಾರ 2008ರಿಂದ ಇದನ್ನೇ ದೇಶದ ನೀತಿ ಮಾಡಿಕೊಂಡಿತು. ಕೆನಡಾದವರು ಐದು ನಗರಗಳಲ್ಲಿ ಸುಮಾರು 2,000 ಜನರನ್ನು ಇಟ್ಟುಕೊಂಡು ಪರೀಕ್ಷೆ ಮಾಡಿಯೇ ನೋಡಿದರು. ಮೊದಲು ಮನೆ ಸಿಕ್ಕವರು ಬೇರೆಯವರಿಗಿಂತ ಹೆಚ್ಚು ಕಾಲ ಮನೆಯಲ್ಲಿ ಉಳಿದರು. ಕುಡಿತದ ವಿಷಯದಲ್ಲಿ ಮಾತ್ರ ಎರಡು ಗುಂಪಿಗೂ ಅಂಥ ವ್ಯತ್ಯಾಸ ಕಾಣಲಿಲ್ಲ. ಅದನ್ನೂ ಹೇಳಿಬಿಡುತ್ತೇನೆ, ನಾಳೆ ನೀನು ಬಂದು "ದೊಡ್ಡಮ್ಮ, ಮನೆ ಬಿಟ್ಟುಕೊಟ್ಟೆ, ಅವನು ಇನ್ನೂ ಕುಡಿತಾನೆ" ಅನ್ನಬಾರದಲ್ವಾ. ಕುಡಿತಕ್ಕೆ ಬೇರೆ ಮದ್ದು ಬೇಕು. ಆ ಮದ್ದು ಮಾಡಲು ಅವನು ಒಂದು ಕಡೆ ಇರಬೇಕು, ಅಷ್ಟೆ.

ಇನ್ನು ನಿಮ್ಮ ತೋಟದ ಲೆಕ್ಕ ನೋಡುವ ರೈಟರ್ ಹೇಳಿದ ಉಪಾಯ. ಗೋಡೌನಿನಲ್ಲಿ ನಾಲ್ಕು ದಿನ ಕೂಡಿಹಾಕಿದರೆ ತಾನಾಗಿ ಸರಿಹೋಗುತ್ತಾನೆ ಅಂದರಂತೆ. ದಯವಿಟ್ಟು ಇದನ್ನು ಮಾತ್ರ ಮಾಡಬೇಡಿ. ಅವನ ಜೀವ ಹೋಗಬಹುದು. ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಗೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಗುತ್ತದೆ, ಬೆವರುತ್ತದೆ, ವಾಂತಿ ಬರುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ದಿಕ್ಕೇ ತಪ್ಪುತ್ತದೆ. ಗೋಡೆ ಮೇಲೆ ಹುಳ ಹರಿಯುತ್ತಿದೆ ಅನ್ನುತ್ತಾರೆ, ಹಾಸಿಗೆಯಿಂದ ಎದ್ದು ಓಡುತ್ತಾರೆ, ಮೈ ಕಾದುಹೋಗುತ್ತದೆ. ಮನೆಯವರು ಗಾಳಿ ಸೋಕಿದೆ ಅಂತ ದಾರ ಕಟ್ಟಿಸಿ, ಆಮೇಲೆ ಆಸ್ಪತ್ರೆಗೆ ತರುತ್ತಿದ್ದರು. ದಾರ ಬೇಕಾದರೆ ಕಟ್ಟಲಿ, ನನ್ನ ಜಗಳವಿಲ್ಲ. ಆಸ್ಪತ್ರೆಗೆ ಮೊದಲು ಬರಲಿ. ಅಲ್ಲಿ ನಡುಕ, ಫಿಟ್ಸ್ ತಡೆಯುವ ಮಾತ್ರೆ ಕೊಟ್ಟು, ದಿನದಿನಕ್ಕೆ ಡೋಸ್ ಇಳಿಸುತ್ತಾರೆ. ಅಲ್ಲಿಗೆ ಕರೆತರುವ ತನಕ ಅವನ ಬಾಟಲಿಯನ್ನು ಕಿತ್ತುಕೊಳ್ಳಬೇಡಿ.

ಇನ್ನೊಂದು. ಸುಸ್ತಾಗಿದ್ದಾನೆ ಅಂತ ಸಿಕ್ಕಿದ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ "ಒಂದು ಗ್ಲೂಕೋಸ್ ಹಾಕಿ" ಅನ್ನುವುದು ನಮ್ಮ ಕಡೆ ರೂಢಿ. ಊಟ ಬಿಟ್ಟು ಬರೀ ಕುಡಿಯುವವರ ಮೈಯಲ್ಲಿ ಬಿ1 ವಿಟಮಿನ್, ಅಂದರೆ ಥಯಾಮಿನ್, ಬರಿದಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟಾಗಬಹುದು. ಕಣ್ಣು ತಿರುಗುತ್ತದೆ, ನಡಿಗೆ ತಪ್ಪುತ್ತದೆ, ನೆನಪು ಹೋಗುತ್ತದೆ. ಕೆಲವರ ನೆನಪು ವಾಪಸ್ ಬರುವುದೇ ಇಲ್ಲ. ಹಾಗಾಗಿ ಯಾರೇ ನೋಡಲಿ, ದಿನವೂ ಕುಡಿಯುವವನು ಅಂತ ಮೊದಲೇ ಬಾಯಿಬಿಟ್ಟು ಹೇಳಿ. ನಾಚಿಕೆಯಿಂದ ಮುಚ್ಚಿಡುವುದು ಬೇಡ.

ಕುಡಿತ ಬಿಡಿಸುವ ಪುಡಿ ಅಂತ ಯಾರಾದರೂ ಕೊಟ್ಟರೆ ಅವನ ಹೆಂಡತಿ ಅದನ್ನು ಕಾಫಿಗೆ ಬೆರೆಸದ ಹಾಗೆ ನೋಡಿಕೋ. ಕುಡಿದರೆ ಮೈಗೆ ಆಗದ ಹಾಗೆ ಮಾಡುವ ಡೈಸಲ್ಫಿರಾಮ್ ಅನ್ನುವ ಮಾತ್ರೆ ಇದೆ, ಅಂಥ ಪುಡಿಯಲ್ಲಿ ಅದೇ ಇರಬಹುದು. ಒಪ್ಪಿಕೊಂಡು, ಡಾಕ್ಟರ ಕಣ್ಣಳತೆಯಲ್ಲಿ ತೆಗೆದುಕೊಂಡರೆ ಅದರಿಂದ ಉಪಕಾರವೇ. ಗೊತ್ತಿಲ್ಲದೆ ಹೊಟ್ಟೆಗೆ ಹೋಗಿ, ಮೇಲಿಂದ ಕುಡಿದರೆ ಎದೆ ಹೊಡೆದುಕೊಂಡು, ಬಿಪಿ ಬಿದ್ದು ಸಾಯಲೂಬಹುದು.

ಆ ಕರೆಯುವ ದನಿಗಳ ವಿಷಯ. ಅದು ಕುಡಿತದಿಂದ ಬಂದದ್ದೋ ಬೇರೆ ಕಾಯಿಲೆಯೋ ಅಂತ ನಾನು ಇಲ್ಲಿ ಕೂತು ಹೇಳಲಾರೆ. ನೀನೂ ತೀರ್ಮಾನ ಮಾಡಬೇಡ. ಕುಡಿತ ನಿಂತು ಕೆಲವು ವಾರ ಆದ ಮೇಲೂ ದನಿ ಕೇಳಿಸುತ್ತಿದ್ದರೆ ಅದು ಬೇರೆಯೇ ಕಾಯಿಲೆ ಇರಬಹುದು. ಕೆಲವರು ಆ ದನಿ ತಡೆಯಲಾರದೆ ಕುಡಿಯಲು ಶುರು ಮಾಡಿರುತ್ತಾರೆ. ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಆಗಬೇಕು. "ಮೊದಲು ಕುಡಿತ ಬಿಟ್ಟು ಬಾ" ಅಂತ ಒಬ್ಬರು, "ಮೊದಲು ತಲೆ ಸರಿಮಾಡಿಕೊಂಡು ಬಾ" ಅಂತ ಇನ್ನೊಬ್ಬರು ಕಳಿಸಿಬಿಟ್ಟರೆ ಅವನು ಮಧ್ಯದಲ್ಲೇ ಕಳೆದುಹೋಗುತ್ತಾನೆ. ಕೊನೆಯ ಸಲ ಕುಡಿದದ್ದು ಯಾವಾಗ, ದನಿ ಕೇಳಿದ್ದು ಯಾವಾಗ ಅಂತ ಒಂದು ಚೀಟಿಯಲ್ಲಿ ಬರೆದು ತಾ. ಡಾಕ್ಟರಿಗೆ ಅದು ತುಂಬಾ ಉಪಯೋಗ.

ಎಲ್ಲಿಗೆ ಹೋಗಬೇಕು ಅಂತ ನೀನು ಕೇಳಬಹುದು. ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮಾನಸಿಕ ವಿಭಾಗ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ಅಂತ ನಡೆಸುತ್ತಾರೆ. ಫೋನ್ ಮಾಡಿ ಕೇಳಿಕೊಂಡೇ ಹೋಗು. ಮಾತಾಡಿ ಸಲಹೆ ಪಡೆಯಲು 14416, ಟೆಲಿ ಮನಸ್. 2022ರ ಅಕ್ಟೋಬರ್‌ನಿಂದ ಇದೆ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ದುಡ್ಡಿಲ್ಲ. ಕುಡಿತ, ಡ್ರಗ್ಸ್ ವಿಷಯಕ್ಕೇ ಬೇರೆ ನಂಬರ್ ಬೇಕಿದ್ದರೆ 14446. ಕಷ್ಟದ ಕೇಸು ಅನ್ನಿಸಿದರೆ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೆ ಇಲ್ಲಿನ ಡಾಕ್ಟರೇ ಬರೆದುಕೊಡುತ್ತಾರೆ.

ಬಿಪಿಎಲ್ ಕಾರ್ಡ್ ಎಲ್ಲಿ ಅಂತ ಕೇಳಿ ಯಾರಾದರೂ ವಾಪಸ್ ಕಳಿಸಿದರೆ ನೀನು ಸುಮ್ನೆ ಬರಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಬಡವರಿಗೆ ಕಾರ್ಡ್ ಇರಲಿ ಬಿಡಲಿ, ಮನೆ ಇಲ್ಲದವರಿಗೂ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಉಚಿತ. ನಮ್ಮವನು ಒಂದು ರಾತ್ರಿ ಓಡಿಹೋದ ಅಂದುಕೋ. ದಾರಿ ತಪ್ಪಿ ಅಲೆಯುವ ಮಾನಸಿಕ ರೋಗಿಯನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯುವುದು ಪೊಲೀಸರ ಕರ್ತವ್ಯ. ಲಾಕಪ್ಪಿಗೆ ಹಾಕುವ ಹಾಗಿಲ್ಲ. ಮನೆಯವರನ್ನು ಹುಡುಕುವುದೂ ಅವರ ಕೆಲಸವೇ. ಪಿಎಸ್ಐ ಹತ್ತಿರ ಮೆತ್ತಗೆ ಮಾತಾಡು, ಆದರೆ ಕಾಯ್ದೆಯ ಹೆಸರು ಹೇಳು.

ಹೊರಗಿನ ಡಿ-ಅಡಿಕ್ಷನ್ ಸೆಂಟರ್‌ಗೆ ಬಿಡುವ ಯೋಚನೆ ಇದ್ದರೆ ಮೊದಲು ನೀನೇ ಹೋಗಿ ಒಳಗೆ ನೋಡಿ ಬಾ. ನೋಂದಣಿ ಇದೆಯಾ, ಡಾಕ್ಟರ್ ಬರುತ್ತಾರಾ, ಒಳಗಿರುವವರ ಜೊತೆ ಒಂಟಿಯಾಗಿ ಮಾತಾಡಲು ಬಿಡುತ್ತಾರಾ. ಬಿಡದಿದ್ದರೆ ಅಲ್ಲಿಂದ ಎದ್ದು ಬಾ. ಸರಪಳಿ ಹಾಕುವುದನ್ನು ಅದೇ ಕಾಯ್ದೆ ನಿಷೇಧಿಸಿದೆ.

ನೀನು ಕೋಪದಲ್ಲಿ "ಇವರಿಗೆ ಎಷ್ಟು ಕೊಟ್ಟರೂ ಕುಡಿಯೋದೇ" ಅಂದೆಯಂತೆ. ಪುಟ್ಟ, ನಮ್ಮ ಜಿಲ್ಲೆಯಲ್ಲಿ ಹಿರಿಯರಿಗೆ ಎಡೆ ಇಡುವಾಗಲೂ ಮದ್ಯ ಇಡುವ ಮನೆಗಳಿವೆ. ಮದುವೆ ಮನೆಯಲ್ಲಿ ಬೇಡ ಅಂದವನನ್ನೇ ವಿಚಿತ್ರವಾಗಿ ನೋಡುತ್ತಾರೆ. ನಿಮ್ಮ ಕ್ಲಬ್ಬಿನಲ್ಲಿ ಜಾಸ್ತಿಯಾದವರನ್ನು ಡ್ರೈವರ್ ಮನೆ ಬಾಗಿಲಿಗೆ ಬಿಡುತ್ತಾನೆ. ಕೂಲಿಯವನಿಗೆ ಚರಂಡಿ ಬದಿ. 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು, ಬಡವರ ಮನೆ ಉದ್ಧಾರ ಆಯಿತು ಅಂತ ನಾವೆಲ್ಲ ಅಂದುಕೊಂಡೆವು. ಆಮೇಲೆ ವೈನ್ ಶಾಪಿನ ಅಗ್ಗದ ಪ್ಯಾಕೆಟ್ ಬಂತು. ವಾರ್ಡಿಗೆ ಬರುವವರು ನಿಲ್ಲಲಿಲ್ಲ.

ಅವನ ಹೆಂಡತಿ ಮಕ್ಕಳ ಮಾತು ಬೇರೆ. ಅವನು ಹೊಡೆಯುತ್ತಾನಾ ಅಂತ ನಿನ್ನ ಹೆಂಡತಿ ಹೋಗಿ ಅವಳನ್ನು ಒಂಟಿಯಾಗಿ ಕೇಳಲಿ. ನೀನು ಕೇಳಿದರೆ ಅವಳು ಹೇಳುವುದಿಲ್ಲ. ಹೌದು ಅಂದರೆ ಮನೆ ಅವಳಿಗೂ ಮಕ್ಕಳಿಗೂ ಇರಲಿ, ಸರಿಹೋಗುವ ತನಕ ಅವನಿಗೆ ಬೇರೆ ಕೋಣೆ ಮಾಡಿಕೊಡು. ಮಹಿಳಾ ಸಹಾಯವಾಣಿ 181ರ ನಂಬರ್ ಅವಳ ಹತ್ತಿರ ಇರಲಿ. ಇಲ್ಲಿ ನಾನು ಅವನ ಪರ ಮಾತಾಡುವುದಿಲ್ಲ.

ಕೆಲಸದ ವಿಷಯಕ್ಕೆ ಬಂದರೆ, ಮರ ಹತ್ತುವ ಕೆಲಸ ಈಗ ಬೇಡವೇ ಬೇಡ. ಕೈ ನಡುಗುವವನನ್ನು ಸಿಲ್ವರ್ ಮರಕ್ಕೆ ಹತ್ತಿಸಿದರೆ ಆಮೇಲೆ ನೀನು ಕೋರ್ಟಿಗೆ ಹತ್ತಬೇಕು. ನರ್ಸರಿಯಲ್ಲಿ ಬುಟ್ಟಿ ತುಂಬಿಸಲಿ. ಬಟವಾಡೆ ಹೇಗೆ ಕೊಡಬೇಕು ಅಂತ ಅವನನ್ನೇ ಕೇಳು. ಹೆಂಡತಿಯ ಕೈಗೆ ಕೊಡಿ ಅಂತ ಅವನೇ ಅಂದರೆ ಹಾಗೆ ಮಾಡು, ನೀನಾಗಿ ಬೆನ್ನ ಹಿಂದೆ ಮಾಡಬೇಡ. ಸಂತೆ ದಿನ ಅಡ್ವಾನ್ಸ್ ಕೊಡುವುದನ್ನು ರೈಟರಿಗೆ ಹೇಳಿ ನಿಲ್ಲಿಸು. ಹಳೆ ಸಾಲ ತೀರಲಿ ಅಂತ ಅವನನ್ನು ಹಿಡಿದಿಟ್ಟುಕೊಳ್ಳುವುದೂ ಬೇಡ.

ಒಂದು ಸಲ ವಾಸಿಯಾಗಿ ಮತ್ತೆ ಕುಡಿದರೆ "ಅಷ್ಟು ಮಾಡಿದೆನಲ್ಲ" ಅಂತ ಕೂಗಾಡಬೇಡ. ಶುಗರ್ ಇರುವ ನಿನ್ನ ಅಪ್ಪ ಕದ್ದು ಜಿಲೇಬಿ ತಿಂದಾಗ ನಾವು ಅವರನ್ನು ಮನೆಯಿಂದ ಹೊರಗೆ ಹಾಕಿದೆವಾ? ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಬಾ, ಅಷ್ಟೆ.

ನಾಳೆಯೇ ಜೀಪು ಕಳಿಸು. ಹಿಂದೆ ಅವನು, ಅವನ ಹೆಂಡತಿ ಇಬ್ಬರೂ ಕೂರಲಿ. ರೈಟರ್ ಬೇಡ, ಅವರನ್ನು ನೋಡಿದರೆ ಅವನು ಮಾತಾಡುವುದಿಲ್ಲ. ಒಂದು ಜೊತೆ ಬಟ್ಟೆ, ಚಾಪೆ, ಬಿಸಿನೀರಿನ ಫ್ಲಾಸ್ಕ್, ಹಳೆ ಮಾತ್ರೆ ಚೀಟಿ ಏನಿದ್ದರೂ ತರಲಿ. ಆಧಾರ್ ಸಿಕ್ಕಿದರೆ ತರಲಿ, ಸಿಗದಿದ್ದರೆ ಅದಕ್ಕೋಸ್ಕರ ಹೊರಡುವುದು ನಿಲ್ಲಬಾರದು. ಸುಂಟಿಕೊಪ್ಪ ದಾಟಿದ ಮೇಲೆ ನನಗೊಂದು ಫೋನ್ ಮಾಡಿಸು. ಒಪಿಡಿ ಚೀಟಿ ಮಾಡಿಸಿ ಆಸ್ಪತ್ರೆಯ ಗೇಟಿನ ಹತ್ತಿರ ನಿಂತಿರುತ್ತೇನೆ.

ನಿನ್ನ ದೊಡ್ಡಮ್ಮ